ಖಾರಪುಡಿಗೆ ಹೊಳೆಯ ಆಕ್ಷೇಪಣೆ

ಸರ್ಕಾರಿ ಕಚೇರಿಯನ್ನು ಯಾರಾದರೂ ಬೈದರೆ ನನಗೆ ಇಂದಿಗೂ ಮನೆಯವರನ್ನೇ ಬೈದಂತಾಗುತ್ತದೆ. ಮೂವತ್ತನಾಲ್ಕು ವರ್ಷ ದಿನಾ ಮುಂಜಾನೆ ಬ್ಯಾಡಗಿಯಲ್ಲಿ ಬಸ್ಸು ಹತ್ತಿ ರಾಣೇಬೆನ್ನೂರಿನಲ್ಲಿಳಿದು, ಅಲ್ಲಿನ ಒಂದು ಕಚೇರಿಯ ಒಂದೇ ಕುರ್ಚಿಯಲ್ಲಿ ಕುಳಿತು, ಪರವಾನಗಿ ಬೇಡಿ ಬಂದ ಅರ್ಜಿಗಳನ್ನು ಪರಿಶೀಲಿಸಿದವನು ನಾನು. ಇಲಾಖೆಯ ಹೆಸರು ಹೇಳುವುದಿಲ್ಲ. ಅದು ಇನ್ನೂ ನನಗೆ ಪಿಂಚಣಿ ಕೊಡುತ್ತಿದೆ. ಇಷ್ಟು ಮಾತ್ರ ಹೇಳಬಲ್ಲೆ: ಅಷ್ಟೂ ವರ್ಷಗಳಲ್ಲಿ ನಾನು ಒಬ್ಬರಿಂದಲೂ ಒಂದು ಬಾಳೆಹಣ್ಣು ಕೂಡ ಮುಟ್ಟಿದವನಲ್ಲ. ಈ ಮಾತನ್ನು ನಾನು ಬೀಗರ ಮುಂದೆ ಎದೆಯುಬ್ಬಿಸಿ ಹೇಳಿದಾಗಲೆಲ್ಲ ನನ್ನ ಹೆಂಡತಿ ಸುಶೀಲಾ ಚಹಾದ ಕಪ್ಪು ಇಡುತ್ತ, "ಖರೇ ಐತ್ರಿ. ಮುಟ್ಟತಿದ್ರ ಪಾಪ ಮಂದೀ ಕೆಲಸಾ ಲಗೂ ಆಗತಿದ್ವು" ಎಂದು ಒಳಗೆ ಹೋಗುತ್ತಾಳೆ.

ಈಗ ಕಾಲ ಬದಲಾಗಿದೆ. ಸರ್ಕಾರ ಆಧುನಿಕವಾಗಿದೆ. ಮೊದಲು ಅರ್ಜಿದಾರನು ಕಚೇರಿಗೆ ಬಂದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಗುಮಾಸ್ತನ ಮುಖ ನೋಡಿ, ಅವನ ಸಿಟ್ಟಿನ ಪ್ರಮಾಣ ಅಂದಾಜು ಮಾಡಿ, ನಂತರ ಕಾಗದ ಮುಂದಿಡುತ್ತಿದ್ದ. ಈಗ ಮುಖವೂ ಇಲ್ಲ, ಬಾಗಿಲೂ ಇಲ್ಲ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತದೆ. ನಾವು ಅದನ್ನು ಭಕ್ತಿಯಿಂದ ನೋಡುತ್ತ ಕೂರುತ್ತೇವೆ. ಮೊದಲು ಗುಮಾಸ್ತ ಊಟಕ್ಕೆ ಹೋಗುತ್ತಿದ್ದ, ಈಗ ಸರ್ವರ್ ಹೋಗುತ್ತದೆ. ಗುಮಾಸ್ತ ಎಲ್ಲಿಗೆ ಹೋದನೆಂದು ಪಕ್ಕದ ಮೇಜಿನವನನ್ನಾದರೂ ಕೇಳಬಹುದಿತ್ತು. ಹಾಗೆಂದು ನಾನು ಆಧುನಿಕತೆಯ ವಿರೋಧಿಯಲ್ಲ. ನಿವೃತ್ತಿಯ ಹಿಂದಿನ ವರ್ಷ, ಇಲಾಖೆಯನ್ನು ಕಂಪ್ಯೂಟರಿಗೆ ಹಾಕುವ ಕಾರ್ಯದಲ್ಲಿ ನಾನು ಮಾಡಿದ ಅಲ್ಪ ಸೇವೆಗಾಗಿ ನನಗೆ ಒಂದು ಶಾಲು ಹೊದಿಸಿದ್ದಾರೆ. ಆ ಶಾಲು ಈಗ ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಚೀಲದ ಬಾಯಿಗೆ ಕಟ್ಟಲ್ಪಟ್ಟಿದೆ. ಅದಕ್ಕೂ ಒಂದು ಕಥೆಯಿದೆ.

ಸುಶೀಲಾಳ ಖಾರಪುಡಿ ನಮ್ಮ ಓಣಿಯಲ್ಲಿ ಪ್ರಸಿದ್ಧ. ನಮ್ಮೂರಿನ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಅದಕ್ಕೆ ಖಾರದ ಹದ ಕೊಡುವುದು ಹೆಂಡತಿಯ ಕೈಗುಣ ಎಂದು ಓಣಿಯವರು ಹೇಳುತ್ತಾರೆ, ನಾನು ಅನುಭವದಿಂದ ಹೇಳುತ್ತೇನೆ. ಮಗ್ಗುಲ ಮನೆಯ ಹಸೀನಾ ಇವಳ ಪಾಲುದಾರಳು. ಎರಡು ಮನೆಗಳ ಮಾಳಿಗೆ ಒಂದಕ್ಕೊಂದು ಕೂಡಿರುವುದರಿಂದ ಕಾಯಿ ಎರಡೂ ಕಡೆ ಒಣಗುತ್ತವೆ, ತೊಟ್ಟು ಬಿಡಿಸುವಾಗ ಮಾತೂ ಎರಡೂ ಕಡೆಯಿಂದ ನಡೆಯುತ್ತದೆ. ಹೀಗಿರುವಾಗ ಹಾವೇರಿಯ ಕಿರಾಣಿ ವ್ಯಾಪಾರಿಯೊಬ್ಬರು ಯಾರದೋ ಮನೆಯ ಸಾರಿನಲ್ಲಿ ಈ ಪುಡಿಯ ರುಚಿ ನೋಡಿ ಹುಡುಕಿಕೊಂಡು ಬಂದರು. ಬಸವ ಜಯಂತಿಗೆ ಅವರ ಹೊಸ ಅಂಗಡಿಯ ಆರಂಭ. ಕಪಾಟಿನ ಮುಂದಿನ ಸಾಲಿನಲ್ಲಿ ಇವರಿಬ್ಬರ ಖಾರಪುಡಿಯನ್ನೇ ಇಡುತ್ತಾರಂತೆ. "ಆದ್ರ ಪ್ಯಾಕೀಟಿನ ಮ್ಯಾಲೆ ಪರವಾನಗಿ ನಂಬರ್ ಇರಬೇಕ್ರಿ ಅಕ್ಕಾರ. ಇಲ್ಲಂದ್ರ ಆ ಜಾಗಾ ಕಂಪನಿಯವರಿಗೆ ಕೊಡಬೇಕಾಕ್ಕತಿ" ಎಂದರು. ಸುಶೀಲಾ ನನ್ನ ಕಡೆ ನೋಡಿದಳು. ಮದುವೆಯಾದ ಮೇಲೆ ಅವಳು ನನ್ನ ಕಡೆ ಹಾಗೆ ಭರವಸೆಯಿಂದ ನೋಡಿದ್ದು ಅದೇ ಮೊದಲು.

"ಪರವಾನಗಿಯೇನು ಮಹಾ! ನನ್ನ ಜೀವನವೇ ಅದು" ಎಂದುಬಿಟ್ಟೆ.

ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿಸಿದೆವು. ಸುಶೀಲಾ ಯಂತ್ರದ ಮೇಲೆ ಹೆಬ್ಬೆರಳಿಟ್ಟಳು. ಯಂತ್ರ ಒಪ್ಪಲಿಲ್ಲ. ತೋರುಬೆರಳಿಟ್ಟಳು, ಒಪ್ಪಲಿಲ್ಲ. ಹತ್ತೂ ಬೆರಳು ಮುಗಿದವು. ಸೀಜನ್ನಿನಲ್ಲಿ ತೊಟ್ಟು ಬಿಡಿಸುವ ನಮ್ಮೂರ ಹೆಣ್ಣುಮಕ್ಕಳ ಬೆರಳ ಗೆರೆಗಳನ್ನು ಮೆಣಸಿನಕಾಯಿ ಸವೆಸಿ, ಸುಟ್ಟು, ಗೋಡೆಗೆ ಸುಣ್ಣ ಹೊಡೆದಂತೆ ನುಣ್ಣಗೆ ಮಾಡಿಬಿಟ್ಟಿರುತ್ತದೆ. ಅರ್ಜಿಯನ್ನು ಹಾಗೆಯೇ ಕಳಿಸಿದೆವು. ಎರಡನೆಯ ದಿನ ಮೊಬೈಲಿಗೆ ಆಕ್ಷೇಪಣೆ ಬಂತು: "ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡದೇ ಇರುವುದರಿಂದ, ಅರ್ಜಿದಾರರು ಅವರೇ ಹೌದೆಂಬುದು ಮನವರಿಕೆಯಾಗುವವರೆಗೆ ಸದರಿ ಅರ್ಜಿಯನ್ನು ಬದಿಗಿರಿಸಲಾಗಿದೆ."

ನಾನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಏನು ವಾಕ್ಯ! ಏನು ಗಾಂಭೀರ್ಯ! "ನೋಡು, ಇಂದಿಗೂ ಇಲಾಖೆಯಲ್ಲಿ ಕನ್ನಡ ಬಲ್ಲವರಿದ್ದಾರೆ. 'ಬದಿಗಿರಿಸಲಾಗಿದೆ' ಅಂತಾನೆ. 'ತಿರಸ್ಕರಿಸಲಾಗಿದೆ' ಎನ್ನುವುದಿಲ್ಲ. ಸಂಸ್ಕಾರವಂತ ಮನುಷ್ಯ" ಎಂದೆ.

"ಸಂಸ್ಕಾರ ಇರ್ಲಿ. ನಾನು ನಾನ ಹೌದಂತ ನಿಮಗರ ಮನವರಿಕಿ ಆಗೇತಿಲ್ಲೋ?" ಎಂದಳು ಸುಶೀಲಾ.

ಸೇವಾ ಕೇಂದ್ರದವರು ಉಪಾಯ ಹೇಳಿದರು. ಎಂಟು ದಿನ ಕಾಯಿ ಮುಟ್ಟಬಾರದು, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು, ಗೆರೆ ಮರಳಿ ಬರುತ್ತವೆ. ಆ ಎಂಟು ದಿನ ಸುಶೀಲಾ ಮದುಮಗಳಂತೆ ಕೈಗೆ ಎಣ್ಣೆ ಹಚ್ಚಿಕೊಂಡು ಕುಳಿತಳು. ಅವಳ ಜಾಗದಲ್ಲಿ ತೊಟ್ಟು ಬಿಡಿಸಲು ನಾನು ಮಾಳಿಗೆ ಹತ್ತಿದೆ. ಬ್ಯಾಡಗಿ ಕಾಯಿಗೆ ಖಾರವೇ ಇಲ್ಲ ಎನ್ನುವ ಪಂಡಿತರು ಒಂದು ದಿನ ಹಸೀನಾಳ ಎದುರು ಕೂತು ತೊಟ್ಟು ಬಿಡಿಸಿ ನೋಡಬೇಕು. ಮೊದಲನೆಯ ದಿನವೇ ಮರೆತು ಕಣ್ಣು ಒರೆಸಿಕೊಂಡೆ. ಬಕೀಟಿನ ನೀರಿನಲ್ಲಿ ಮುಖ ಮುಳುಗಿಸಿದ್ದವನನ್ನು ಕಂಡು ಹಸೀನಾ, "ಸಾಹೇಬ್ರ, ಫೈಲಿನ ಧೂಳಿಗೂ ಇದಕ್ಕೂ ಫರಕ್ ಐತ್ರಿ. ಇದು ಕೆಲಸಾ ಮಾಡ್ತತಿ" ಎಂದಳು. ಇಲಾಖೆ ನನ್ನ ಕಣ್ಣಲ್ಲಿ ನೀರು ತರಿಸಿದ್ದು ಅದು ಎರಡನೆಯ ಸಲ. ಮೊದಲನೆಯದು ಬೀಳ್ಕೊಡುಗೆಯ ದಿನ.

ಒಂಬತ್ತನೆಯ ದಿನ ಯಂತ್ರ ಸುಶೀಲಾಳನ್ನು ಸುಶೀಲಾ ಎಂದು ಒಪ್ಪಿಕೊಂಡಿತು. ಇಬ್ಬರೂ ಸೇರಿ ಸಿಹಿಗೆಂದು ಸಜ್ಜಕ ಮಾಡಿದರು. ಸಜ್ಜಕದ ಬೋಗುಣಿ ಇನ್ನೂ ಬರಿದಾಗಿರಲಿಲ್ಲ, ಎರಡನೆಯ ಆಕ್ಷೇಪಣೆ ಬಂತು. ಈ ಸಲ ಹಸೀನಾ ಓದಿದಳು, ತಡೆತಡೆದು: "ಉದ್ದೇಶಿತ ಅಂಗಡಿಯು ಮೇಡ್ಲೇರಿ ಗ್ರಾಮದ ಹೊಳೆಯ ದಂಡೆಗೆ ಅತಿ ಸಮೀಪದಲ್ಲಿದ್ದು, ಹೊಳೆ ಬಂದಲ್ಲಿ ಸದರಿ ಅಂಗಡಿಯೂ, ತತ್ಸಂಬಂಧಿ ಕಡತವೂ ತೇಲಿಹೋಗುವ ಸಂಭವವಿರುವುದರಿಂದ, ಹೊಳೆಯಿಂದ ಯಾವ ತೊಂದರೆಯೂ ಆಗದೆಂಬ ಬಗ್ಗೆ ಸಮರ್ಥ ಪ್ರಾಧಿಕಾರದ ಪತ್ರವನ್ನು ಲಗತ್ತಿಸತಕ್ಕದ್ದು."

"ಯಾ ಅಲ್ಲಾ!" ಎಂದಳು ಹಸೀನಾ. "ನಮ್ಮ ಓಣ್ಯಾಗ ನಳಕ್ಕ ನೀರು ಬರಬೇಕಂದ್ರ ನಾಕ ದಿನಾ ಹಾದಿ ಕಾಯ್ತೇವಿ. ಇವರು ನೋಡಿದ್ರ ತುಂಗಭದ್ರಾನ ಮಾಳಿಗಿ ಹತ್ತಿಸ್ಯಾರಲ್ಲ!"

"ಯಾರರ ಹುಚ್ಚರು ಬರದಿರಬೇಕು ಬಿಡ" ಎಂದಳು ಸುಶೀಲಾ.

ನನ್ನ ಬಾಯಲ್ಲಿದ್ದ ಸಜ್ಜಕ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಏಕೆಂದರೆ "ತತ್ಸಂಬಂಧಿ ಕಡತವೂ ತೇಲಿಹೋಗುವ ಸಂಭವ" ಎಂದು ಈ ಭೂಮಂಡಲದಲ್ಲಿ ಬರೆದ ಹುಚ್ಚ ಒಬ್ಬನೇ. ಅವನು ಸಜ್ಜಕ ತಿನ್ನುತ್ತ ಅಲ್ಲೇ ಕುಳಿತಿದ್ದ.

ಈಗ ಶಾಲಿನ ಕಥೆ ಹೇಳಬೇಕು. ಇಲಾಖೆ ಕಂಪ್ಯೂಟರಿಗೆ ಹೋಗುವಾಗ ಹಾವೇರಿಯಲ್ಲಿ ಒಂದು ಸಭೆ ಮಾಡಿದರು. ಅರ್ಜಿಗಳ ಮೇಲೆ ನೀವು ಸಾಮಾನ್ಯವಾಗಿ ಬರೆಯುವ ಒಕ್ಕಣೆಗಳನ್ನೆಲ್ಲ ಪಟ್ಟಿ ಮಾಡಿ ಕೊಡಿ, ಅವನ್ನೇ ಯಂತ್ರಕ್ಕೆ ತುಂಬುತ್ತೇವೆ ಎಂದರು. ಉಳಿದವರು ನಾಲ್ಕೈದು ಗೀಚಿ ಚಹಾ ಕುಡಿಯಲು ಎದ್ದರು. ನಾನು ಎರಡು ಭಾನುವಾರ ಕುಳಿತು, ದುಂಡಗಿನ ಅಕ್ಷರದಲ್ಲಿ ನಲವತ್ತೊಂದು ಬರೆದೆ. ನನ್ನ ಸೇವಾವಧಿಯ ಸಾರವೆಲ್ಲ ಅದರಲ್ಲಿತ್ತು. ಶಾಲು ಹೊದಿಸಿದ್ದು ಅದಕ್ಕೇ. ಮಾದರಿಗಿರಲಿ ಎಂದು ಕೆಲವನ್ನು ಹಳೆಯ ಕಡತಗಳಿಂದ ಊರಿನ ಹೆಸರಿನ ಸಮೇತ ಎತ್ತಿ ಬರೆದಿದ್ದೆ. ಯಂತ್ರಕ್ಕೆ ತುಂಬಿದವರು ನನ್ನ ಮೇಲಿನ ಗೌರವದಿಂದ ಒಂದಕ್ಷರ ಕೂಡ ಬದಲಿಸಿರಲಿಲ್ಲ.

ಮೇಡ್ಲೇರಿಯ ಕಡತ ಹನುಮಂತಪ್ಪನದು. ಹೊಳೆಗೆ ಹೋಗುವ ದಾರಿಯಲ್ಲಿ ಚಹಾ, ಮಿರ್ಚಿ ಭಜಿಯ ಅಂಗಡಿ ಇಡುವುದು ಅವನ ಆಸೆ. ಏಳು ಸಲ ನನ್ನ ಮೇಜಿಗೆ ಬಂದಿದ್ದ. ಏಳನೆಯ ಸಲ ಬಿಸಿ ಭಜಿಯ ಪೊಟ್ಟಣ ತಂದು ಮೇಜಿನ ಮೇಲಿಟ್ಟು, "ರುಚಿ ನೋಡಿ ಹೇಳ್ರಿ ಸಾಹೇಬ್ರ" ಎಂದ. ನಾನು ಪ್ರಾಮಾಣಿಕ. ಪೊಟ್ಟಣವನ್ನೂ ಅರ್ಜಿಯನ್ನೂ ಒಟ್ಟಿಗೆ ಹಿಂತಿರುಗಿಸಿದೆ. ಎಂಟನೆಯ ಸಲ ಅವನು ಬರಲಿಲ್ಲ. ಕಡತ ವಿಲೇವಾರಿಯಾಯಿತೆಂದು ಬರೆದು ಸಂತೋಷಪಟ್ಟೆ.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಿದೆನೆ? ಛೆ. ಸಂಸ್ಕಾರವಂತ ಎಂದು ನಾನೇ ಹೊಗಳಿದ ಮನುಷ್ಯನ ಗುರುತನ್ನು ಅಷ್ಟು ಬೇಗ ಬಿಟ್ಟುಕೊಡುವುದೆಂತು! "ಹಾವೇರಿಯ ಕಚೇರಿಗೇ ಹೋಗಿ ವಿಚಾರಿಸೋಣ" ಎಂದಷ್ಟೇ ಹೇಳಿದೆ. ಬಸವ ಜಯಂತಿಗೆ ಐದು ದಿನವಿತ್ತು. ಮೂವರೂ ಬಸ್ಸು ಹತ್ತಿದೆವು. ಸುಶೀಲಾ ಪರ್ಸಿನಲ್ಲಿ ಖಾರಪುಡಿಯ ಒಂದು ಪ್ಯಾಕೀಟು ಇಟ್ಟುಕೊಂಡಿದ್ದಳು, ನಂಬರಿನ ಜಾಗ ಖಾಲಿ ಬಿಟ್ಟು ಅಂಟಿಸಿದ ಚೀಟಿಯ ಸಮೇತ. ದಾರಿಯುದ್ದಕ್ಕೂ ಆ ಖಾಲಿ ಜಾಗದ ಮೇಲೆ ಬೆರಳಾಡಿಸುತ್ತಿದ್ದಳು. ಎಂಟು ದಿನ ಎಣ್ಣೆ ಹಚ್ಚಿ ತಂದ ಗೆರೆಗಳು ಮತ್ತೆ ಸವೆದುಹೋಗುತ್ತವೆಂದು ನನಗೆ ಭಯ.

ಕಚೇರಿಯಲ್ಲಿ ಕುಳಿತಿದ್ದ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಎದ್ದು ನಿಂತು "ಬರ್ರಿ, ಕುಂದರ್ರಿ" ಎಂದಳು. ಇದು ನನಗೆ ಸರಿಯೆನಿಸಲಿಲ್ಲ. ಅರ್ಜಿದಾರರನ್ನು ಕೂರಿಸಿದರೆ ಅವರು ಏಳುವುದಿಲ್ಲ. ಅವಳು ಪರದೆಯನ್ನೇ ನಮ್ಮ ಕಡೆ ತಿರುಗಿಸಿ ದುಃಖ ತೋಡಿಕೊಂಡಳು.

"ನಿಮ್ಮ ಅರ್ಜ್ಯಾಗ ಏನೂ ತಪ್ಪಿಲ್ರಿ ಅಮ್ಮಾರ. ಆದ್ರ ಮಂಜೂರಿ ಬಟನ್ ಒತ್ತಬೇಕಂದ್ರ ಈ ಪಟ್ಟಿಯೊಳಗ ಒಂದು ಒಕ್ಕಣಿ ಆರಿಸಬೇಕ್ರಿ. ನಲವತ್ತೊಂದು ಅದಾವು. ನಲವತ್ತೊಂದೂ ತಕರಾರನ! 'ಆತು, ಕೊಡ್ರಿ' ಅನ್ನೂದು ಒಂದೂ ಇಲ್ಲ. ಯಾವ ಪುಣ್ಯಾತ್ಮ ಬರದಾನೋ ಏನೋ! ಏನರ ಒಂದು ಆರಿಸಲಿಲ್ಲಂದ್ರ ಅರ್ಜಿ ತಡಾ ಆತಂತ ನನಗ ನೋಟೀಸ್ ಬರ್ತತಿ. ಅದಕ್ಕ ಮಂದಿಗೆ ಭಾಳ ತ್ರಾಸ ಆಗಲಾರದ್ದು ಹುಡುಕಿ ಆರಸ್ತೇನ್ರಿ. ಬ್ಯಾಡಗಿಗೆ ಹೊಳೀದು ತ್ರಾಸ ಆಗೂದಿಲ್ಲಂತ..."

ನಾನು ಪರದೆ ನೋಡಿದೆ. ಒಂದರ ಕೆಳಗೊಂದು ನನ್ನ ನಲವತ್ತೊಂದೂ ನಿಂತಿದ್ದವು. ಖರೇ ಹೇಳಬೇಕೆಂದರೆ, ಮಂಜೂರಾತಿಗೆ ವಾಕ್ಯ ಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಾಲದಲ್ಲಿ ಹೌದೆನ್ನಲು ಒಂದು ಸಹಿ ಸಾಕಿತ್ತು; ಸಾಹಿತ್ಯ ಬೇಕಾಗುತ್ತಿದ್ದುದು ಇಲ್ಲವೆನ್ನಲು.

"ನೀವ ಒಂದು ವಾಕ್ಯ ಬರೀರಲ್ಲ" ಎಂದಳು ಹಸೀನಾ.

"'ಇತರೆ' ಅಂತ ಒಂದು ಖಾನೆ ಐತ್ರಿ. ಆದ್ರ ಅಲ್ಲಿ ಬರದ್ರ ಇದನ್ನ ಯಾವ ಆಧಾರದ ಮ್ಯಾಲೆ ಬರದಿ ಅಂತ ಮ್ಯಾಲಿನವರು ಕೇಳ್ತಾರ. ಪಟ್ಟಿ ಬರದವರ ಬಂದು ಹೇಳಿದ್ರ ಬ್ಯಾರೆ ಮಾತು. ಅವರ ಬಾಯಿಂದ ಬಂದದ್ದೂ ಪಟ್ಟೀನ ಆತಲ್ರಿ. ಆದ್ರ ಅವರನ್ನ ಎಲ್ಲಿಂದ ತರೂದು?"

ಸುಶೀಲಾ ಪ್ಯಾಕೀಟಿನ ಖಾಲಿ ಜಾಗವನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿದೆ.

"ಅದು... ನಾನೇ ಬರೆದದ್ದು."

ಅಧಿಕಾರಿ ಮತ್ತೊಮ್ಮೆ ಎದ್ದು ನಿಂತಳು. ಗೌರವಕ್ಕೋ ಭಯಕ್ಕೋ ತಿಳಿಯಲಿಲ್ಲ. ಹಸೀನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಶೀಲಾ ಮಾತ್ರ ಪ್ಯಾಕೀಟನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ, "ನನಗ ಎರಡನೇ ದಿನಾನ ಸಂಶೇ ಬಂದಿತ್ತು. ಅಷ್ಟು ಹೊಗಳಿದ್ರಲ್ಲ. ಮಂದಿ ಬರದದ್ದನ್ನ ನೀವು ಯಾವಾಗ ಹೊಗಳೀರಿ?" ಎಂದಳು.

ಅಧಿಕಾರಿ ಬಿಳಿ ಹಾಳೆ ಮುಂದಿಟ್ಟಳು. ನಾನು ಕಿಸೆಯಿಂದ ಪೆನ್ನು ತೆಗೆದೆ; ಮೂವತ್ತನಾಲ್ಕು ವರ್ಷ ನನ್ನ ಎದೆಗಂಟಿ ಇದ್ದ ಪೆನ್ನು. "ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಎಲ್ಲವೂ ಕ್ರಮಬದ್ಧವಾಗಿರುವಂತೆ ಮೇಲ್ನೋಟಕ್ಕೆ ಕಂಡುಬಂದಿದ್ದು, ಆದಾಗ್ಯೂ..." ಎಂದು ಬರೆದು ನಿಲ್ಲಿಸಿದೆ. ಹೊಡೆದು ಹಾಕಿ ಮತ್ತೆ ಬರೆದೆ. ಈ ಸಲ "ಷರತ್ತುಗಳಿಗೊಳಪಟ್ಟು" ತಾನಾಗಿಯೇ ಬಂದು ಕುಳಿತಿತು. ಮೂರನೆಯ ಸಲ ಬರೆದದ್ದರಲ್ಲಿ ಅರ್ಜಿದಾರರು ಒಂದು ತಿಂಗಳ ನಂತರ ಖುದ್ದು ಹಾಜರಾಗಬೇಕಾಗಿತ್ತು. ಇಡೀ ಕನ್ನಡ ಭಾಷೆಯಲ್ಲಿ ಹೌದು ಎಂಬುದಕ್ಕೆ ನನಗೆ ಒಂದು ವಾಕ್ಯ ಸಿಗಲಿಲ್ಲ.

ಸುಶೀಲಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು. "ಬರಕೋಳ್ರಿ ಮೇಡಮ್ಮಾರ. 'ಅಡ್ಡಿ ಇಲ್ಲ, ಕೊಡ್ರಿ.' ಅಷ್ಟ."

"ಅಷ್ಟ ಸಾಕೇನ್ರಿ?" ಎಂದು ಅಧಿಕಾರಿ ನನ್ನ ಮುಖ ನೋಡಿದಳು.

ಎರಡು ಜೋಡಿ ಖಾರದ ಕಣ್ಣುಗಳು ನನ್ನ ಮೇಲಿದ್ದವು. "ಸಾಕು" ಎಂದೆ. ಅವಳು ಒತ್ತಿದಳು. ಚಕ್ರ ತಿರುಗಿತು, ನಿಂತಿತು, ಹಸಿರಾಯಿತು. ಅದೇ ಮಧ್ಯಾಹ್ನ, ತಿಂಗಳುಗಟ್ಟಲೆ ಬಿದ್ದಿದ್ದ ಉಳಿದ ಅರ್ಜಿಗಳಿಗೂ ಅವಳು ಅದೇ ಒಕ್ಕಣೆ ಹಾಕಿದಳೆಂದು ಆಮೇಲೆ ತಿಳಿಯಿತು. ನನ್ನ ಸೇವಾವಧಿಯಲ್ಲಿ ಆದದ್ದಕ್ಕಿಂತ ಹೆಚ್ಚು ಮಂಜೂರಾತಿಗಳು ಒಂದೇ ಊಟದ ಹೊತ್ತಿನಲ್ಲಿ.

ಬಸವ ಜಯಂತಿಯ ದಿನ ಹಾವೇರಿಯ ಅಂಗಡಿಯ ಮುಂದಿನ ಸಾಲಿನಲ್ಲಿ ಕೆಂಪು ಪ್ಯಾಕೀಟುಗಳು ನಿಂತವು. ಹಸೀನಾ ಮತ್ತು ಸುಶೀಲಾ ಪಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಫೋಟೋದ ಮೂಲೆಯಲ್ಲಿ ನನ್ನ ಒಂದು ತೋಳು ಬಂದಿದೆ.

ಮರುವಾರ ಸುಶೀಲಾ ನನ್ನ ಕೈಗೆ ಒಂದು ಪ್ಯಾಕೀಟು ಕೊಟ್ಟು, "ಮೇಡ್ಲೇರಿಗೆ ಹೋಗಿ ಬರ್ರಿ" ಎಂದಳು. ಹನುಮಂತಪ್ಪನ ಕಥೆಯನ್ನು ಅವಳು ಹಾವೇರಿಯಿಂದ ಮರಳುವಾಗ ಬಸ್ಸಿನಲ್ಲಿ ನನ್ನ ಬಾಯಿಂದಲೇ ಕೇಳಿದ್ದಳು. ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹೋದೆ. ಹೊಳೆಯ ದಾರಿಯಲ್ಲಿ ತಗಡಿನ ಅಂಗಡಿಯೊಂದು ಇತ್ತು. ಮುಂದೆ ಬೆಂಚಿನ ತುಂಬ ಜನ. ಬಾಣಲೆಯ ಹಿಂದೆ ನಿಂತವನ ಮೀಸೆ ಬೆಳ್ಳಗಾಗಿತ್ತು. ಪರವಾನಗಿ ಇಲ್ಲದೆ ಅಷ್ಟು ವರ್ಷ ಅವನು ಊರಿಗೆಲ್ಲ ಭಜಿ ತಿನ್ನಿಸಿದ್ದ. ನನ್ನನ್ನು ಕಂಡದ್ದೇ ಭಜಿ ತೆಗೆಯುವ ತೂತಿನ ಸೌಟು ಎತ್ತಿ ಹಿಡಿದು ಕೂಗಿದ:

"ಬರ್ರಿ ಸಾಹೇಬ್ರ! ಹೊಳಿ ಇನ್ನೂ ಬಂದಿಲ್ರಿ!"

ಬೆಂಚಿನವರೆಲ್ಲ ನಕ್ಕರು. ಆ ಕಥೆ ಅಲ್ಲಿ ಎಲ್ಲರಿಗೂ ಬಾಯಿಪಾಠವೆಂದು ಕಾಣುತ್ತದೆ. ಪ್ಯಾಕೀಟು ಕೊಟ್ಟೆ. ಅವನು ಮೂಸಿ ನೋಡಿ, ಚಿಟಿಕೆ ಪುಡಿಯನ್ನು ಬಿಸಿ ಭಜಿಯ ಮೇಲೆ ಉದುರಿಸಿ ನನ್ನ ಮುಂದೆ ಹಿಡಿದ. ಮೂವತ್ತನಾಲ್ಕು ವರ್ಷ ಒಂದು ಬಾಳೆಹಣ್ಣು ಮುಟ್ಟದ ಕೈ ಸುಮ್ಮನೆ ಮುಂದೆ ಹೋಯಿತು.

"ಹೆಂಗೈತ್ರಿ?"

ಕಣ್ಣಲ್ಲಿ ನೀರು ಬಂದಿತ್ತು. "ಅಡ್ಡಿ ಇಲ್ಲ" ಎಂದೆ.

"ಹಂಗಂತ ಒಂದ ಚೀಟ್ಯಾಗ ಬರದ ಕೊಡ್ರಿ ಮತ್ತ. ಇಲ್ಲೇ ತೂಗ ಹಾಕ್ತೇನಿ."

ಕಿಸೆ ಮುಟ್ಟಿ ನೋಡಿಕೊಂಡೆ. ಬರೆದು ಕೊಡಲು ಈ ಸಲ ನನಗೆ ಯಾವ ಆಕ್ಷೇಪಣೆಯೂ ಇರಲಿಲ್ಲ. ಆದರೆ ಪೆನ್ನು ಬ್ಯಾಡಗಿಯಲ್ಲಿತ್ತು. ಸುಶೀಲಾ ಅದರಿಂದ ಪ್ಯಾಕೀಟುಗಳ ಮೇಲೆ ನಂಬರು ಬರೆಯುತ್ತಿದ್ದಳು.