ಸದ್ದಿಲ್ಲದ ಫಿಲ್ಟರು

ನೌಕರಿಯುದ್ದಕ್ಕೂ ಇಡೀ ಊರಿಗೆ ನೀರು ಕುಡಿಸಿದವನು ನಾನು. (ನೀವಂದುಕೊಂಡ ಅರ್ಥದಲ್ಲಲ್ಲ; ನೀರು ಸರಬರಾಜು ಕಚೇರಿಯ ಶುದ್ಧೀಕರಣ ಘಟಕದಲ್ಲಿ ಮೇಲ್ವಿಚಾರಕನಾಗಿದ್ದೆ.) ಕೆಸರು ನೀರು ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ತಾನಾಗಿಯೇ ತಿಳಿಯಾಗುತ್ತಿತ್ತು. ಮೋಡಗಳು ಕೂಡ ಸುರಿಯುವ ಮುಂಚೆ ಒಮ್ಮೆ ಬಗ್ಗಿ, ‘ಸಾರ್, ಇಷ್ಟು ಶುದ್ಧ ಸಾಕಾ?’ ಎಂದು ನನ್ನನ್ನು ಕೇಳುತ್ತಿದ್ದವು. ಅಂಥ ನನ್ನನ್ನು ಒಂದು ಮಾತೂ ಕೇಳದೆ, ಎರಡು ಬಕೆಟ್ ನೀರು ಹಿಡಿಯುವ ಗಾಜಿನ ತೊಟ್ಟಿಗೆ ಯಾವ ಫಿಲ್ಟರು ಒಳ್ಳೆಯದೆಂದು ನನ್ನ ಹೆಂಡತಿ ತನ್ನ ತಮ್ಮನಿಗೆ ಫೋನ್ ಮಾಡಿದಳು!

ಅವನು ಕನ್ನಡಕದ ಅಂಗಡಿಯವನು. ಮನೆಯಲ್ಲಿ ಒಂದೆರಡು ಮೀನು ಸಾಕಿದ್ದಾನೆ, ಅಷ್ಟೇ. ಕನ್ನಡಕ ಒರೆಸುವವನಿಗೂ ನೀರು ಸೋಸುವುದಕ್ಕೂ ಏನು ಸಂಬಂಧ?

ತೊಟ್ಟಿ ಹೆಂಡತಿಯದು. ತಳದ ತುಂಬ ಹುಲ್ಲಿನಂಥ ಗಿಡ, ಹಿಂದೆ ಎತ್ತರದ ಎಲೆಗಳ ಸಾಲು, ನಡುವೆ ಬೆಂಕಿಕಡ್ಡಿಗಿಂತ ತುಸು ದಪ್ಪಗಿರುವ ಆರೇಳು ಮೀನು. ಗಿಡ, ಮಣ್ಣು, ದೀಪಗಳಿಗೇ ದುಡ್ಡೆಲ್ಲ ಹೋಗಿ ಫಿಲ್ಟರಿನ ಪಾಲಿಗೆ ಚಿಲ್ಲರೆ ಉಳಿದಿತ್ತು. ಆ ಚಿಲ್ಲರೆಯ ರಕ್ಷಣೆಗಾಗಿ ನಾನೂ ಅಂಗಡಿಗೆ ಹೊರಟೆ.

ಮೀನಿನ ಅಂಗಡಿಯವನು ಮೊದಲು ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರು ತೋರಿಸಿದ. ಬೆಲೆ ಕೇಳಿ ನಾನೇ ಅಂಚಿಗೆ ನೇತಾಡುವಂತಾಯಿತು. ಆಮೇಲೆ ಕೊಳವೆ ಚುಚ್ಚಿದ ಒಂದು ಕಪ್ಪು ಸ್ಪಂಜು, ಜೊತೆಗೆ ಗಾಳಿ ಊದುವ ಪುಟ್ಟ ಪೆಟ್ಟಿಗೆ ತಂದಿಟ್ಟ.

“ಚಿಕ್ಕ ತೊಟ್ಟಿ, ಗಿಡ ಜಾಸ್ತಿ, ಮೀನು ಕಮ್ಮಿ. ಹರಿವು ಮೆಲ್ಲಗಿದ್ರೆ ಸಾಕು ಮೇಡಂ. ಇದೇ ಸರಿ” ಎಂದ.

“ನನ್ನ ತಮ್ಮನೂ ಇದನ್ನೇ ಹೇಳಿದ” ಎಂದಳು ಹೆಂಡತಿ, ಪರ್ಸಿಗೆ ಕೈಹಾಕುತ್ತ.

ಆ ತಮ್ಮನ ಹೆಸರು ಬಂದಮೇಲೆ ನಾನು ಸುಮ್ಮನಿರುವುದುಂಟೇ? “ಪಾತ್ರೆ ತಿಕ್ಕೋ ಸ್ಪಂಜಿಗೆ ಇಷ್ಟು ಬೆಲೆನಾ?”

“ಸಾರ್, ನೀವು ಯಾವತ್ತಾದ್ರೂ ಮೀನು ಸಾಕಿದೀರಾ?”

“ನಾನು ಊರನ್ನೇ ಸಾಕಿದೀನಿ ಕಣಯ್ಯಾ!”

ಅಂಗಡಿಯಿಂದ ಬರಿಗೈಯಲ್ಲಿ ಹೊರಗೆ ಬಂದ ಮೇಲೆ ಹೆಂಡತಿ ಮುಖ ಊದಿಸಿಕೊಂಡು ಕೇಳಿದಳು: “ಈಗ ಫಿಲ್ಟರ್ ಎಲ್ಲಿಂದ ಬರತ್ತೆ?”

“ನನ್ನ ತಲೆಯಿಂದ.”

“ಅಯ್ಯೋ, ಅದರಲ್ಲಿ ನೀರೇ ಜಾಸ್ತಿ ಇದೆಯಲ್ರೀ.”

“ನೋಡು, ಒಂದು ತಿಂಗಳಲ್ಲಿ ತೊಟ್ಟಿ ನೀರು ಒಂಚೂರು ಕೆಟ್ರೂ, ಇನ್ನು ನೀರಿನ ವಿಷಯದಲ್ಲಿ ಈ ಮನೇಲಿ ನಾನು ತುಟಿ ಬಿಚ್ಚೋದಿಲ್ಲ. ಕೆಡದೆ ಇದ್ರೆ, ಭಾವನಷ್ಟು ಜಾಣ ಯಾರೂ ಇಲ್ಲ ಅಂತ ನಿನ್ನ ತಮ್ಮನ ಎದುರಿಗೇ ಹೇಳಬೇಕು.”

ಅವಳ ಮುಖ ಅರಳಿತು. “ನಿಜವಾಗ್ಲೂ ತುಟಿ ಬಿಚ್ಚಲ್ವಾ?” ಎಂದು ಕೇಳಿ ಖಚಿತಪಡಿಸಿಕೊಂಡಳು. (ಸೋಲುವ ಷರತ್ತಿಗೆ ಹೆಂಗಸರು ಹೀಗೆ ಖುಷಿಪಡುವುದೇಕೋ!)

ಅಟ್ಟದ ಮೇಲಿನ ಹಾಳು ಏರ್‌ಕೂಲರಿನ ಹೊಟ್ಟೆಯಿಂದ ಪಂಪು ಕಿತ್ತೆ. ಊಟದ ಡಬ್ಬಿಯೊಂದಕ್ಕೆ ತೂತು ಕೊರೆದು ಜಲ್ಲಿ, ಮರಳು, ಇದ್ದಿಲು, ಸ್ಪಂಜುಗಳನ್ನು ಶಾಸ್ತ್ರೋಕ್ತವಾಗಿ ಪದರ ಪದರವಾಗಿ ತುಂಬಿದೆ. (ಡಬ್ಬಿ ಯಾರದೆಂದು ಕೇಳಬೇಡಿ, ಕೇಳಬೇಕಾದವಳು ಆಗಲೇ ಕೇಳಿದ್ದಾಳೆ.) ಅದನ್ನು ತೊಟ್ಟಿಯ ಮೂಲೆಯಲ್ಲಿ ಮುಳುಗಿಸಿ ಗುಂಡಿ ಒತ್ತಿದೆ.

ಸಮುದ್ರಮಥನವೇ ನಡೆದುಹೋಯಿತು. ಹುಲ್ಲೆಲ್ಲ ಬುಡಸಮೇತ ಎದ್ದು ಮೇಲೆ ತೇಲಿತು. ಮೀನುಗಳು ಬಟ್ಟೆ ಒಗೆಯುವ ಮೆಷಿನ್ನಿಗೆ ಬಿದ್ದ ಕಾಲುಚೀಲಗಳಂತೆ ಸುತ್ತತೊಡಗಿದವು. ಸದ್ದಂತೂ ಮನೆಯೇ ಇನ್ನೇನು ಆಕಾಶಕ್ಕೆ ಹಾರುತ್ತದೆ ಎನ್ನುವಂತಿತ್ತು.

“ನಿಲ್ಸ್ರೀ! ಮೀನಿಗೆ ತಲೆ ಸುತ್ತುತ್ತಾ ಇದೆ!”

“ವ್ಯಾಯಾಮ ಕಣೇ. ಯಂತ್ರ ಹೊಸ ಚಪ್ಪಲಿ ಇದ್ದ ಹಾಗೆ. ನಾಲ್ಕು ದಿನ ಕಿರುಗುಟ್ಟಿ ಆಮೇಲೆ ಹೊಂದಿಕೊಳ್ಳತ್ತೆ.”

ನನ್ನ ಮಾತು ಸುಳ್ಳಾಗಲಿಲ್ಲ. ಮರುದಿನ ವಾಯುವಿಹಾರ ಮುಗಿಸಿ ಬರುವಷ್ಟರಲ್ಲಿ ಮನೆ ನಿಶ್ಶಬ್ದ. ಗಿಡಗಳು ಮತ್ತೆ ಬೇರೂರಿ ನಿಂತಿದ್ದವು, ಮೀನುಗಳು ನೆಮ್ಮದಿಯಿಂದ ಸುಳಿದಾಡುತ್ತಿದ್ದವು. ಹೆಂಡತಿ ಎತ್ತರದ ಎಲೆಯ ಗಿಡಗಳನ್ನು ಡಬ್ಬಿಯ ಮುಂದಕ್ಕೆ ನೆಟ್ಟು ನನ್ನ ಯಂತ್ರವನ್ನು ಮರೆಮಾಡಿದ್ದಳು. ನಿಜವಾದ ಕಲೆ ಕಣ್ಣಿಗೆ ಬೀಳಬಾರದು ಎಂದು ನಾನೂ ಒಪ್ಪಿದೆ.

“ಹೇಗಿದೆ? ಸದ್ದೇ ಇಲ್ಲ!”

“ಹೌದು, ಒಂಚೂರೂ ಇಲ್ಲ” ಎಂದಳು. ಅವಳು ನನ್ನ ಮಾತನ್ನು ಇಷ್ಟು ಬೇಗ ಒಪ್ಪಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಆಮೇಲೆ ನಮ್ಮ ಬೀದಿಯಲ್ಲಿ ನಾನು ಮಾತಾಡದವರಿಲ್ಲ. ಹಾಲಿನವನಿಗೆ ಮರಳಿನ ಪದರದ ಮಹತ್ವ ತಿಳಿಸಿದೆ. ಎದುರು ಮನೆಯ ಮೇಷ್ಟ್ರಿಗೆ ಇದ್ದಿಲಿನ ಗುಣ ವಿವರಿಸಿದೆ. ಅವರು ಈಗ ಹಿಂಬಾಗಿಲಿನಿಂದ ಓಡಾಡುತ್ತಾರೆ. ನೀರು ಮಾತ್ರ ಸ್ಫಟಿಕ. ಮೀನುಗಳು ಗಾಳಿಯಲ್ಲಿ ಈಜುತ್ತಿವೆಯೇನೋ ಎಂದು ಕೈಹಾಕಿ ನೋಡುವ ಹಾಗಿತ್ತು.

ನನ್ನ ಸುಖಕ್ಕೆ ಒಂದೇ ಕೊರತೆ, ಭಾನುವಾರಗಳು. “ರೀ, ಮೀನಿನ ನೀರು ಹಾಕಿದ್ರೆ ಕುಂಡದ ಗಿಡ ಚೆನ್ನಾಗಿ ಬರತ್ತಂತೆ. ಅರ್ಧ ಬಕೆಟ್ ತೆಗೆದು ಬಾಲ್ಕನಿಗೆ ಹಾಕ್ತೀರಾ?” ಎನ್ನುವಳು. ತೆಗೆದಷ್ಟು ಹೊಸ ನೀರು ತುಂಬಿಸಬೇಕು, ತಳದ ಕಸವನ್ನು ಕೊಳವೆಯಿಂದ ಎಳೆಯಬೇಕು, ಗಾಜಿನ ಪಾಚಿ ಒರೆಸಬೇಕು. ಯಾವುದೋ ಕುಂಡದ ಹೂವಿಗಾಗಿ ಒಬ್ಬ ಜಲತಜ್ಞ ಬಕೆಟ್ ಹೊರುವುದೆಂದರೆ! ಆದರೂ ಗೆದ್ದವನಿಗೆ ಉದಾರತೆ ಇರಬೇಕೆಂದು ಹೊತ್ತೆ.

ತಿಂಗಳು ತುಂಬಿದ ಭಾನುವಾರ ಭಾವಮೈದುನನನ್ನು ಕರೆಸಿದೆ. ಅವನು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ದಂಗಾಗಿಹೋದ.

“ಭಾವಾ, ನೀರು ಅದ್ಭುತವಾಗಿದೆ!”

“ಹೇಳೇ” ಎಂದು ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ತೊಟ್ಟಿಯ ಹಿಂದಕ್ಕೆ ಕತ್ತು ಚಾಚಿದ. ಕನ್ನಡಕದವನ ಕಣ್ಣು ನೋಡಿ!

“ಅಲ್ಲ ಭಾವಾ, ಇದರ ಪ್ಲಗ್ಗು ನೆಲದ ಮೇಲೆ ಬಿದ್ದಿದೆಯಲ್ಲ?”

“ಈಗಷ್ಟೇ ಜಾರಿರಬೇಕು” ಎಂದು ಗತ್ತಿನಿಂದ ಹೋಗಿ ಪ್ಲಗ್ಗು ಎತ್ತಿದೆ. ಅದಕ್ಕೊಂದು ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು.

“ಬೇಡ ರೀ, ಹಾಕಬೇಡಿ!” ಎಂದು ಹೆಂಡತಿ ಕೂಗಿದಳು. ಹಾಕಿದೆ.

ಗುರ್ರ್ ಎಂದಿತು. ತಿಂಗಳಿಡೀ ಡಬ್ಬಿಯೊಳಗೆ ಕೊಳೆತು ಕೂತಿದ್ದ ಕಪ್ಪು ರಾಡಿ ಭುಸ್ಸನೆ ಹೊರಗೆ ಚಿಮ್ಮಿತು. ಸ್ಫಟಿಕ ಕಾಡಿಗೆಯಾಯಿತು. ವಾಸನೆಯನ್ನು ವರ್ಣಿಸಲಾರೆ, ಗೋಡೆಯ ಗಡಿಯಾರ ಒಂದು ಕ್ಷಣ ಮುಳ್ಳಿನಿಂದ ಮೂಗು ಮುಚ್ಚಿಕೊಂಡಿತು. ಹೆಂಡತಿ ಪ್ಲಗ್ಗು ಕಿತ್ತು ಜಾಲರಿಯಿಂದ ಮೀನುಗಳನ್ನು ಒಂದೊಂದಾಗಿ ಬಕೆಟ್ಟಿಗೆ ದಾಟಿಸಿದಳು. ಪುಣ್ಯಕ್ಕೆ ಎಲ್ಲವೂ ಉಳಿದವು.

“ನೀನೇ ಪ್ಲಗ್ ಕಿತ್ತಿದ್ದಾ?” ಎಂದೆ, ಹೀನಸ್ವರದಲ್ಲಿ.

“ಮಾರನೇ ದಿನಾನೇ. ನೀವು ವಾಕಿಂಗ್ ಹೋದಾಗ.”

“ಹಾಗಾದ್ರೆ ನೀರು ಹೇಗೆ ಅಷ್ಟು ತಿಳಿಯಾಗಿತ್ತು?”

“ಗಿಡಗಳು ಅರ್ಧ ಕೆಲಸ ಮಾಡಿದ್ವು. ಇನ್ನರ್ಧ ಭಾನುವಾರ ಭಾನುವಾರ ನೀವೇ ಮಾಡ್ತಿದ್ರಲ್ಲ?”

“ನನಗ್ಯಾಕೆ ಹೇಳಲಿಲ್ಲ?”

“ಖುಷಿಯಾಗಿದ್ದಾಗ ನೀವು ಬಕೆಟ್ ಚೆನ್ನಾಗಿ ಎತ್ತುತ್ತೀರಿ.”

ಭಾವಮೈದುನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ವಾಸನೆಗೆಂದು ಹೇಳಿದ; ಅವನ ಭುಜ ಮಾತ್ರ ಕುಣಿಯುತ್ತಿತ್ತು. “ಅಕ್ಕಾ, ಆ ಸ್ಪಂಜಿನ ಫಿಲ್ಟರ್ ನಾನೇ ತಂದುಕೊಡ್ಲಾ?” ಎಂದ.

“ಬೇಡ ಕಣೋ, ಚಿಲ್ಲರೆ ಉಳೀತಲ್ಲ. ಇರೋದನ್ನೇ ಬಳಸೋಣ” ಎಂದು ಅವಳು ನನ್ನ ಕೈಗೆ ಬಕೆಟ್ ಕೊಟ್ಟಳು.

ಷರತ್ತು ಷರತ್ತೇ. ಈಗ ಅಡುಗೆಮನೆಯ ನಲ್ಲಿ ಸೋರಿದರೂ ನಾನು ತುಟಿ ಬಿಚ್ಚುವಂತಿಲ್ಲ, ಕೈಸನ್ನೆ ಮಾಡುತ್ತೇನೆ. ಆದರೆ ಬಕೆಟ್ ಹೊರುವಾಗ ಗೊಣಗಬಾರದೆಂದು ಷರತ್ತಿನಲ್ಲಿ ಎಲ್ಲೂ ಇರಲಿಲ್ಲ. ಮೊನ್ನೆ ಪಕ್ಕದ ಮನೆಯಾಕೆ ತೊಟ್ಟಿ ನೋಡಿ ಫಿಲ್ಟರು ಯಾವುದೆಂದು ವಿಚಾರಿಸಿದರು. ಬಾಲ್ಕನಿಯಲ್ಲಿದ್ದ ನನಗೆ ಹೆಂಡತಿಯ ಉತ್ತರ ಸ್ಪಷ್ಟವಾಗಿ ಕೇಳಿಸಿತು.

“ಹಳೇ ಮಾಡೆಲ್ಲು. ಕರೆಂಟ್ ಬೇಡ, ಗಿಡ ಕೀಳಲ್ಲ, ಮೀನಿಗೂ ಹೆದರಿಕೆ ಇಲ್ಲ. ಸದ್ದೊಂದೇ ಸ್ವಲ್ಪ ಜಾಸ್ತಿ.”