ಅಳಸಾಕಂತ ತಗದ ಹಾಡು

ನಾ ಎಲ್ಲಿ ಸ್ಪೀಕರ್ ಕಟ್ಟತೀನೋ ಅಲ್ಲೊಂದು ಫಜೀತಿ ಆಗೇ ಆಗತೈತಿ. ಬಿಜಾಪುರದಾಗ ಮೈಕ್‌ಸೆಟ್ ಅಂಗಡಿ ಇಟ್ಟಾಂವನ ಹಣೇಬಾರಾನ ಹಂಗ ನೋಡ್ರಿ.

ಎಪ್ಪತ್ತೈದರ ಆಸುಪಾಸಿನ ಮಾತು. ಬೆಂಗಳೂರಿಂದ ಒಬ್ಬ ಹೊಸಾ ಡೈರೆಕ್ಟರ್ ಬಂದಿದ್ದ. ಹುಡುಗ ಹುಡುಗಿ ಪ್ರೀತಿ ಮಾಡಿ, ಅಗಲಿ, ಹುಡುಗ ಸಾಯೂ ಹಾಡನ್ನ ಮೊದಲ ತಗದು ತೋರಸಬೇಕಾಗಿತ್ತು. ರೊಕ್ಕಾ ಹಾಕೂ ಸಾವಕಾರ್ರದು ಒಂದ ಕರಾರು: "ನಮ್ಮ ಮನ್ಯಾಕಿ ತನ್ನ ಮದುವ್ಯಾಗೂ ಅತ್ತಿಲ್ಲ. ಈ ಹಾಡಿಗೆ ಅತ್ತಳಂದ್ರ ಸಿನಿಮಾ ಮುಂದ. ಇಲ್ಲಂದ್ರ ಗಂಟು ಕಟ್ರಿ."

"ಇದು ಕೆಟ್ಟರೆ ಅಪ್ಪನ ಹೋಟೆಲಲ್ಲಿ ದೋಸೆ ಹುಯ್ಯೋದೇ ಗತಿ ಅಣ್ಣಾ" ಅಂತಿದ್ದ ಡೈರೆಕ್ಟರ್, ಪಾಪ.

೧. ಟಿಕೋಟಾದಾಗ ಆಹೇರಿ

ನಾ ಹಾಡು ಹಚ್ಚಬೇಕು, ಹೀರೋ ಬಾಯಿ ಆಡಸಬೇಕು. ಟಿಕೋಟಾದ ಹಾದ್ಯಾಗ ಬೇವಿನ ಗಿಡಕ್ಕ ಸ್ಪೀಕರ್ ಕಟ್ಟಿದೆ. ನಮ್ಮ ಕಡೆ ಸ್ಪೀಕರ್ ಒದರಿತಂದ್ರ ಮದುವಿ ಅಂತನ ಲೆಕ್ಕ. ಕಳ್ಳಕವಟಗಿಯಿಂದ ಚಕ್ಕಡ್ಯಾಗ ಹೊಂಟಿದ್ದ ಸಂಸಾರ ಪೂರಾ ಇಳದೇ ಬಿಟ್ತು. ಅದರಾಗಿನ ಅಜ್ಜ ಸೀದಾ ಬಂದು, ಅಗಲಿಕೆ ದುಃಖದಾಗ ನಿಂತಿದ್ದ ಹೀರೋನ ತಲಿಗೆ ಟಾವೆಲ್ ಸುತ್ತಿ, ಮದುವಿ ಉಡುಗೊರಿ ಅಂತ ಆಹೇರಿ ಮಾಡಿದ.

"ಕಟ್! ಇದು ಮದುವೆ ಅಲ್ಲ ಅಜ್ಜಾ, ವಿರಹ!" ಅಂತ ಡೈರೆಕ್ಟರ್ ಚೀರಿದ.

"ಇರ್ಲಿ ಬಿಡ್ರಿ. ಊಟ ಎಷ್ಟೊತ್ತಿಗೆ?"

೨. ಸಾರವಾಡದ ಮಾವ

ಹುಡುಗಿ ಅಪ್ಪ ಆಕಿ ಕೈ ಹಿಡದು ಎಳಕೊಂಡು ಹೋಗಬೇಕು. ಆ ಪಾತ್ರಕ್ಕ ಸಾರವಾಡದ ಒಬ್ಬ ರೈತನ್ನ ಹಿಡದ್ವಿ, ಮೀಸಿ ನೋಡಿನ. ಕ್ಯಾಮೆರಾ ಚಾಲೂ ಆತು. ಮನಿಷ್ಯಾ ಹೀರೋನ್ನ ಮ್ಯಾಲಿಂದ ತೆಳಗ ನೋಡಿ, ಬದುವಿನ ಮ್ಯಾಲ ಕುಂತ.

"ಹುಡುಗ ಕುಡೀತಾನೇನ್ರಿ?"

"ಇಲ್ಲ" ಅಂದ ಡೈರೆಕ್ಟರ್.

"ಮನಿತನಾ?"

"ಒಳ್ಳೇದೇ. ಆದ್ರೆ ಬಡವ."

"ನಂದ ಎರಡೆಕರೆ ಕೊಡ್ತೀನಿ, ದುಡದು ತಿನ್ಲಿ. ಹುಡುಗಿ ಒಪ್ಪ್ಯಾಳ, ನಾ ಯಾಕ ಎಳೀಲಿ? ಹುಚ್ಚ ಏನ?"

ಬಿಸಲು ಏರಿತು, ಮಾವ ಏಳಲಿಲ್ಲ. ಕಡೀಕ ಡೈರೆಕ್ಟರ್ ತಲಿ ಕೆಟ್ಟು, "ಅವನಿಗೆ ಬೇರೆ ಊರಲ್ಲಿ ಇನ್ನೊಬ್ಬ ಹೆಂಡತಿ ಇದಾಳೆ!" ಅಂತ ಸುಳ್ಳು ಹೇಳಿದ.

"ಮೊದಲ ಹೇಳೂದಲ್ಲೇನಲೇ!" ಅಂತ ಮಾವ ಎದ್ದ. ಹುಡುಗಿನ್ನ ಎಳೀಲಿಲ್ಲ, ಚಪ್ಪಲಿ ಕೈಯಾಗ ಹಿಡದು ಹೀರೋನ ಬೆನ್ನ ಹತ್ತಿದ. ಇಡೀ ಹಾಡಿನ್ಯಾಗ ಹೀರೋ ಖರೇವಂದ್ರ ಅತ್ತಿದ್ದು ಅದೊಂದ ಕಡೆ.

೩. ಬಬಲೇಶ್ವರದ ಹೆಣ

"ಶವಯಾತ್ರೆ ಎಲ್ಲ ನಿಮ್ಮ ಪದ್ಧತಿ ಪ್ರಕಾರ ರೆಡಿ ಮಾಡ್ಬಿಡಿ" ಅಂತ ಹೇಳಿ ಡೈರೆಕ್ಟರ್ ಕ್ಯಾಮೆರಾ ತಗೊಂಡು ಮಾಳಗಿ ಏರಿದ. ನಾವು ನಮ್ಮ ಪದ್ಧತಿನ ಮಾಡಿದ್ವಿ. ನಮ್ಮ ಮಂದಿ ಹೆಣಾ ಮಲಗಸೂದಿಲ್ರಿ. ಕುರ್ಚಿ ಮ್ಯಾಲ ಕೂಡಿಸಿ, ಹೂವಿನಿಂದ ಶೃಂಗಾರ ಮಾಡಿ, ಭಜನಿ ಹಚ್ಚಿ ಒಯ್ಯೂದು.

ಕುರ್ಚಿಗೆ ಹಾಸಾಕ ಸಾವಕಾರ್ರಿಗೆ ಒಂದು ಅರಿವಿ ಕೇಳಿದ್ದೆ. ಮನ್ಯಾಕಿ ತವರಿಗೆ ಹೋಗಿದ್ಲು. ತಾವ ಟ್ರಂಕ್ ತಗದು, "ಹಳೇದೈತಿ, ಒಯ್ಯಿ" ಅಂತ ಒಂದು ಇಳಕಲ್ಲ ಸೀರಿ ಕೊಟ್ಟಿದ್ರು. ಸೆರಗಿನ ತುಂಬ ಕಸೂತಿ ಆನಿ, ಅದರಾಗ ಒಂದಕ್ಕ ಸೊಂಡಿಲೇ ಇರಲಿಲ್ಲ.

ಮ್ಯಾಲಿಂದ ನೋಡಿದ ಡೈರೆಕ್ಟರ್ ಹಣಿ ಬಡಕೊಂಡ. "ಅಯ್ಯೋ, ಇವನು ಸತ್ತಿದಾನಾ, ಮದುವೆಗೆ ಹೊರಟಿದಾನಾ?"

ಹೊತ್ತು ಮುಳಗಾಕತ್ತಿತ್ತು. ಮರುದಿನ ಕ್ಯಾಮೆರಾ ವಾಪಸ್ ಹೋಗೂದಿತ್ತು. ಹಂಗ ತಗದ್ರು. ಭಜನಿಯವರು ಹುಮ್ಮಸ್ಸಿಗೆ ಬಂದು ಬಾರಿಸಿದ್ದಕ್ಕ, ಹೆಣಾನೂ ಕಾಲಾಗ ತಾಳಾ ಹಾಕಾಕತ್ತಿತ್ತು.

೪. ಟಾಕೀಜಿನ್ಯಾಗ

ಬಿಜಾಪುರದ ಟಾಕೀಜಿನ್ಯಾಗ ಸಾವಕಾರ್ರು ಬೀಗರು ಬಿಜ್ಜರನ್ನೆಲ್ಲಾ ಕರದು ಹಾಡು ತೋರಿಸಿದ್ರು. ಚಪ್ಪಲಿ ಓಟಕ್ಕ ಮಂದಿ ಬಿದ್ದು ಬಿದ್ದು ನಕ್ಕರು. ಹೀರೋ ಕುರ್ಚಿ ಮ್ಯಾಲ ಬಂದ ಕೂಡ್ಲೆ ಹಿಂದಿಂದ ಯಾರೋ, "ಅಂತೂ ಮದುವಿ ಆತು ನೋಡಪಾ!" ಅಂದ್ರು. ಸೀಟಿ ಮ್ಯಾಲ ಸೀಟಿ.

ಡೈರೆಕ್ಟರ್ ನನ್ನ ಕೈ ಹಿಡದು, "ದೋಸೆ ಹಂಚು ಕಾಣ್ತಾ ಇದೆ ಅಣ್ಣಾ" ಅಂದ.

ಅಷ್ಟರಾಗ ಹೆಂಗಸರ ಕಡಿಂದ "ಯವ್ವಾ!" ಅಂತ ಒಂದು ಧ್ವನಿ. ನೋಡಿದ್ರ ಸಾವಕಾರ್ತಿ! ಎದಿ ಎದಿ ಬಡಕೊಂಡು ಅಳಾಕತ್ತ್ಯಾಳ.

ಡೈರೆಕ್ಟರ್ ಕುರ್ಚಿ ಮ್ಯಾಲ ಏರಿ ನಿಂತ. "ಅತ್ತರು! ಸಾವಕಾರ್ರೇ, ಅತ್ತರು!"

ಸಾವಕಾರ್ರು ಗಾಬರಿಬಿದ್ದು ಓಡಿದ್ರು. "ಯಾಕ, ಏನಾತು? ಆ ಹುಡುಗ ಸತ್ತಿದ್ದಕ್ಕ ಅಷ್ಟ ಸಂಕಟಾತೇನ?"

"ಸುಡ್ಲಿ ಆ ಹುಡುಗ! ಸೊಂಡಿಲಿಲ್ಲದ ಆನಿ ನೋಡ್ರಿ, ನಮ್ಮವ್ವ ಹಾಕಿದ್ದು! ನನ್ನ ಮದುವಿ ಸೀರಿ ಹೆಣಕ್ಕ ಹಾಸ್ಯಾರಲ್ಲೋ ಯಪ್ಪಾ! ಯಾವ ಭಾಡ್ಯಾ ನನ್ನ ಟ್ರಂಕ್ ತಗದಾಂವಾ?"

ಸಾವಕಾರ್ರು ಧೋತರದ ತುದಿಲೆ ಮಾರಿ ಒರಸಿಕೊಂಡ್ರು. ಡೈರೆಕ್ಟರ್‌ನ, ನನ್ನ ಇಬ್ಬರನ್ನೂ ಮೂಲಿಗೆ ಎಳಕೊಂಡು ಹೋಗಿ, ಸಣ್ಣ ಧ್ವನಿಲೆ ಅಂದ್ರು:

"ಸಿನಿಮಾ ಪೂರಾ ಮಾಡೂಣು ತಮ್ಮಾ. ಆದ್ರ ಟ್ರಂಕ್ ಯಾರು ತಗದ್ರು ಅಂತ, ಸತ್ರೂ ಬಾಯಿ ಬಿಡಬ್ಯಾಡ್ರಿ."