ಗಾರ್ಡಿಗೆ ಏನೂ ಆಗಿಲ್ಲ

ಕಸ್ತೂರೆವ್ವ: ಗೀರು ಬಿದ್ದಿಲ್ಲ, ಗೀರು ಬಿದ್ದಿಲ್ಲ ಅಂತ ಮುಂಜಾನಿಂದ ಅದನ್ನ ಹೇಳಾಕತ್ತೀರಿ. ಹಂಗಾದ್ರ ಕುತ್ತಿಗಿಗೆ ಕಟ್ಟಿದ್ದು ಏನ್ರಿ ಅದು?

ಮುರಗೆಪ್ಪ: ಕುತ್ತಿಗಿ ಬ್ಯಾರೆ, ಗಾಡಿ ಬ್ಯಾರೆ. ಎರಡೂ ಕೂಡಿಸಿ ಮಾತಾಡಬ್ಯಾಡ.

ಕಸ್ತೂರೆವ್ವ: ನಿಮ್ಮ ಕುತ್ತಿಗಿ ಗಾಡಿ ಒಳಗನ ಇತ್ತಲ್ರಿ.

ಮುರಗೆಪ್ಪ: ಒಳಗಿತ್ತು. ಅದಕ್ಕ ಉಳೀತು.

ಕರೋಶಿಯ ಕಬ್ಬಿನ ರೈತ ಮುರಗೆಪ್ಪ ಪಡಸಾಲೆಯ ಮಂಚದ ಮೇಲೆ ಕೂತಿದ್ದ. ಕುತ್ತಿಗೆಗೆ ಡಾಕ್ಟರು ಹಾಕಿದ ದಪ್ಪನೆಯ ಬೆಲ್ಟು. ಹೆಂಡತಿಯ ಮುಖ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕು. ಸಿಟ್ಟು ಬಂದರೂ ಗೋಣು ಹೊರಳಿಸುವ ಸೌಕರ್ಯವಿಲ್ಲ. ಅಂಗಳದಲ್ಲಿ ಅವನ ಪಿಕಪ್ ಗಾಡಿ ನಿಂತಿತ್ತು. ಅದರ ಮೂತಿಗೆ ಚಿಕ್ಕೋಡಿ ರಸ್ತೆಯ ವೆಲ್ಡಿಂಗ್ ಅಂಗಡಿಯ ಲಖನ ಮಾಡಿಕೊಟ್ಟ ಕಬ್ಬಿಣದ ಗಾರ್ಡು, ಬೋರ್‌ವೆಲ್ ಪೈಪಿನಷ್ಟು ದಪ್ಪ. ಮೊನ್ನೆ ಊರ ಹೊರಗಿನ ಕಬ್ಬಿನ ತಿರುವಿನಲ್ಲಿ ಈ ಗಾಡಿಗೂ ಅವನ ಬಾಲ್ಯದ ಗೆಳೆಯ ಸುಹಾಸನ ಕಾರಿಗೂ ಎದುರಾಬದುರು ಡಿಕ್ಕಿಯಾಗಿತ್ತು. ಸುಹಾಸನ ಕಾರು ಗ್ಯಾರೇಜು ಸೇರಿತು. ಮುರಗೆಪ್ಪನ ಗಾಡಿ ನೆಟ್ಟಗೆ ಮನೆಗೆ ಬಂತು, ಮುರಗೆಪ್ಪ ಮಾತ್ರ ಆಸ್ಪತ್ರೆಗೆ ಹೋಗಿ ಬಂದ. ಇದನ್ನು ಅವನು ತನ್ನ ಗೆಲುವೆಂದೇ ತಿಳಿದಿದ್ದ.

ಕಸ್ತೂರೆವ್ವ: ನಿಮ್ಮ ಗಾಡಿಗೆ ಬೇಕಾದ್ದ ಕಟಗೋರಿ. ದಾನೇಶ್ವರಿ ಕಾರಿಗೆ ಆ ಲಖನ ಕೈ ಹಚ್ಚಬಾರ್ದು.

ಮುರಗೆಪ್ಪ: ಹೇಳಿ ಆಗೇತಿ. ಇಂಥಾದ್ದ ಇನ್ನೊಂದು ಮಾಡ್ಯಾನ. ಈಗ ತಗೊಂಡ ಬರ್ತಾನ.

ಮಗಳು ದಾನೇಶ್ವರಿ ಚಿಕ್ಕೋಡಿಯ ಒಂದು ಬ್ಯಾಂಕಿನಲ್ಲಿ ನೌಕರಿಗಿದ್ದಳು. ತನ್ನ ಪಗಾರದಲ್ಲಿ ಒಂದು ಸಣ್ಣ ಕಾರು ಕೊಂಡು, ಅದನ್ನು ಇಂದು ಸಂಜೆ ತಾನೇ ನಡೆಸಿಕೊಂಡು ಬರುವವಳಿದ್ದಳು. ಆ ಕಾರಿನ ಮೂತಿ ಹೇಗಿರಬೇಕೆಂಬುದೇ ಗಂಡ ಹೆಂಡಿರ ಜಗಳ.

ಅಷ್ಟರಲ್ಲಿ ಪಕ್ಕದ ಮನೆಯ ಸಾವಿತ್ರೆವ್ವ ಬಾಳೆಹಣ್ಣು ಹಿಡಿದು ಮಾತನಾಡಿಸಿ ಹೋಗಲು ಬಂದಳು. ಪೆಟ್ಟು ಬಿದ್ದವರನ್ನು ಬರಿಗೈಲಿ ನೋಡಲು ಹೋಗುವ ಪದ್ಧತಿ ಈ ಊರಲ್ಲಿಲ್ಲ.

ಸಾವಿತ್ರೆವ್ವ: ಭಾಳ ಪೆಟ್ಟಾಗೇತೇನ್ರಿ ಅಣ್ಣಾರ?

ಮುರಗೆಪ್ಪ: ಎಲ್ಲಿ ಪೆಟ್ಟ ಬೇ. ಬಣ್ಣ ಸೈತ ಹೋಗಿಲ್ಲ.

ಸಾವಿತ್ರೆವ್ವ: ಅಲ್ರಿ, ಒಳಗೇನರ?

ಮುರಗೆಪ್ಪ: ಒಳಗೂ ಏನಿಲ್ಲ. ಮೊದಲಿನಂಗನ ಒಂದ ಸಲ ಸೆಲ್ಫ್ ಹೊಡದ್ರ ಚಾಲೂ ಆಗ್ತೈತಿ.

ಸಾವಿತ್ರೆವ್ವ: ನಾ ನಿಮ್ಮನ್ನ ಕೇಳಾಕತ್ತೀನ್ರಿ.

ಮುರಗೆಪ್ಪ: ನನ್ನನ್ನ? ನಂದೇನ ಬಿಡು, ಇಕೊಳ್ಳ ಇಲ್ಲೇ ಕುಂತೀನಿ.

ಸಾವಿತ್ರೆವ್ವ ಹಣ್ಣು ಮಂಚದ ಮೇಲಿಟ್ಟು ಅಂಗಳಕ್ಕಿಳಿದಳು. ಗಾರ್ಡನ್ನು ನಿಧಾನವಾಗಿ ಸವರಿ, 'ಗಟ್ಟಿ ಐತ್ರಿ' ಎಂದು ಹೇಳಿ ಹೋದಳು. ಬಂದವರೆಲ್ಲ ಹೀಗೆಯೇ ಮಾಡುತ್ತಿದ್ದರು: ಹಣ್ಣು ಮುರಗೆಪ್ಪನಿಗೆ, ಹೊಗಳಿಕೆ ಗಾರ್ಡಿಗೆ.

ಅವಳು ಹೊರಬಿದ್ದ ಮೇಲೆ ಸುಹಾಸನೇ ಬಂದ. ಊರಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಜೊತೆಗೆ ಒಂದಿಷ್ಟು ಕಬ್ಬಿನ ಹೊಲ. ಯಾರದೋ ಸ್ಕೂಟರ್ ಮೇಲೆ ಬಂದಿದ್ದ. ಕೈಯಲ್ಲಿ ಎಳನೀರು. ಮೈಮೇಲೆ ಗಾಯವೆಂದರೆ ಕೆಂಪಗಾದ ಮೂಗು ಒಂದೇ.

ಸುಹಾಸ: ಏನಲೇ ಮುರಗ್ಯಾ, ಗೋಣ ಹೊಳ್ಳತೈತೇನ?

ಮುರಗೆಪ್ಪ: ನಿನ್ನ ಕಾರ್ ಹೊಳ್ಳತೈತೇನ, ಮೊದಲ ಅದನ್ನ ಹೇಳು.

ಸುಹಾಸ: ಕಾರಿಗೆ ಹೊಸಾ ಬಾನೆಟ್ ಸಿಗ್ತೈತಿ. ನಿನಗ ಹೊಸಾ ಗೋಣ ಯಾವ ಅಂಗಡ್ಯಾಗ ಸಿಗ್ತೈತಿ?

ಕಸ್ತೂರೆವ್ವ: ಬರ್ರಿ ಸುಹಾಸಣ್ಣ, ಕುಂದರ್ರಿ. ಇವರಿಗೆ ನೀವರ ಒಂದೀಟ ತಿಳಿಸಿ ಹೇಳ್ರಿ.

ಮುರಗೆಪ್ಪ: ಅವ ಏನ್ ಹೇಳ್ತಾನ? ಅವನ ಕಾರಿನ ಮೂತಿ ಹಪ್ಪಳ ಆಗಿದ್ದನ್ನ ನಾ ಕಣ್ಣಾರೆ ನೋಡೀನಿ.

ಸುಹಾಸ: ಹಂಗ ಆಗಬೇಕಂತನ ಮಾಡಿರ್ತಾರೋ. ಮೂತಿ ತಾ ಮುದ್ದಿ ಆಗಿ ಪೆಟ್ಟ ತಿಂತೈತಿ, ಒಳಗ ಕುಂತಾವಗ ತಾಗಗೊಡಂಗಿಲ್ಲ.

ಮುರಗೆಪ್ಪ: ಮುರಿಯಾಕಂತ ಯಾರರ ಗಾಡಿ ಮಾಡ್ತಾರೇನ? ರೊಕ್ಕ ಕೊಟ್ಟ ಮುರಿಯೂ ಗಾಡಿ ತಗೊಂಡಾವ ನೀ ಒಬ್ಬಾವನ.

ಕಸ್ತೂರೆವ್ವ: ತೆಲಿ ಮ್ಯಾಲೆ ಕೊಡ ಹೊರೂವಾಗ ಸಿಂಬಿ ಯಾಕ ಇಡ್ತೀವ್ರಿ? ಗಟ್ಟಿ ಇರ್ಲಿ ಅಂತ ಕಬ್ಬಿಣದ ಬಳಿ ಇಟ್ಕೊಂತೀವೇನು?

ಮುರಗೆಪ್ಪ: ಲೇ, ಗಾಡಿ ಮಾತಿನ್ಯಾಗ ಸಿಂಬಿ ತರಬ್ಯಾಡ.

ಸುಹಾಸ: ವೈನಿ ಬರೋಬರಿ ಹೇಳಿದ್ರು. ಅದಿರ್ಲಿ, ಧಡಕಿ ಆದಾಗ ನನ್ನ ಗಾಡ್ಯಾಗ ಏರ್‌ಬ್ಯಾಗಿನ ಬಲೂನ್ ಉಬ್ಬಿ ಬಂತು. ನಿನ್ನ ಗಾಡ್ಯಾಗೂ ಐತಲ್ಲ, ಅದ್ಯಾಕ ಬರಲಿಲ್ಲ?

ಮುರಗೆಪ್ಪ: ಬರೂವಂಥಾ ಪೆಟ್ಟ ಆಗಲಿಲ್ಲ. ಗಾರ್ಡ್ ತಡೀತು.

ಕಸ್ತೂರೆವ್ವ: ತಡದಿತ್ತಂದ್ರ ನಿಮ್ಮ ಎದಿ ಯಾಕ ಹೋಗಿ ಸ್ಟೇರಿಂಗಿಗೆ ಬಡೀತ್ರಿ? ಮಗ್ಗಲಾ ಬದಲಿಸೂದಾದ್ರ 'ಯವ್ವಾ' ಅಂತೀರಿ.

ಮುರಗೆಪ್ಪ: ಮಂದಿ ಮುಂದ ಹೇಳೂ ಮಾತೇನ ಅದು?

ಸುಹಾಸ: ನಾ ಮಂದಿ ಅಲ್ಲ, ಧಡಕಿ ಹೊಡಿಸಿಕೊಂಡಾವ. ಶೋರೂಮಿನವ ಹೇಳಿದ, ಮುಂದ ಕಬ್ಬಿಣ ಕಟ್ಟಿದ್ರ ಪೆಟ್ಟಿನ ಸುದ್ದಿ ಬಲೂನಿಗೆ ಬರೋಬರಿ ಮುಟ್ಟಂಗಿಲ್ಲಂತ. ಪೆಟ್ಟ ಮಾತ್ರ ಸೀದಾ ನಿನಗ ಮುಟ್ಟತೈತಿ.

ಮುರಗೆಪ್ಪ: ಆ ಶೋರೂಮಿನವ ಗಾರ್ಡ್ ಮಾರಾಕ ಚಾಲೂ ಮಾಡ್ಲಿ, ಮರುದಿನ ಬ್ಯಾರೆ ಹೇಳ್ತಾನ.

ಸುಹಾಸ: ನೀ ಯಾಕ ಇಷ್ಟರ ಮ್ಯಾಲೆ ಉಳದಿ, ಗೊತ್ತೈತೇನು? ನನ್ನ ಕಾರ್ ಮೆತ್ತಗಿತ್ತು. ನಿನ್ನ ಪಾಲಿನ ಪೆಟ್ಟನೂ ಅದ ತಿಂದೈತಿ.

ಮುರಗೆಪ್ಪ: ನಾ ಎಲ್ಲಿ ಇಲ್ಲ ಅಂದೀನಿ? ಚಲೋ ಕಾರು. ನೀ ಹಂಗ ಮೆತ್ತಗನ ಇರು. ಊರಾಗ ಎಲ್ಲಾರ ಗಾಡಿ ಮೆತ್ತಗಿರ್ಲಿ, ನಮ್ಮ ಮನ್ಯಾವು ಎರಡ ಗಟ್ಟಿ ಇರ್ಲಿ.

ಕಸ್ತೂರೆವ್ವ ಎಳನೀರು ಕೆತ್ತಿ ಇಬ್ಬರ ಕೈಗೂ ಕೊಟ್ಟಳು.

ಕಸ್ತೂರೆವ್ವ: ಮಗಳ ಗಾಡಿ ಮ್ಯಾಲೆ ನಿಮಗ್ಯಾಕ್ರಿ ಇಷ್ಟ ಹಟ?

ಮುರಗೆಪ್ಪ: ನನಗ ಅಂಜಿಕಿ ಐತಿ. ಸಾಕೇನ? ಆ ತಿರವ್ಯಾಗ ಕಬ್ಬ ನಮ್ಮ ತೆಲಿ ಮೀರಿ ಬೆಳದೈತಿ. ಎದರ ಬರೂದು ಗಾಡಿನೋ ಎಮ್ಮಿನೋ ಗೊತ್ತಾಗಂಗಿಲ್ಲ. ದಿನಾ ಸಂಜಿಕ ಅಲ್ಲಿ ಆಕಿ ಒಬ್ಬಾಕಿನ ಬರಾಕಿ. ನಾ ಏನ್ ಕೈ ಕಟ್ಟಿ ಕುಂದರ್ಲಿ?

ಇದು ಹಟವಲ್ಲ, ಹೆದರಿಕೆ ಎಂದು ತಿಳಿದ ಮೇಲೆ ಬೈಯಲು ಕಸ್ತೂರೆವ್ವಳಿಗೂ ಮನಸ್ಸಾಗಲಿಲ್ಲ. ಅದೇ ಹೊತ್ತಿಗೆ ಲಖನನ ಗೂಡ್ಸ್ ರಿಕ್ಷಾ ಅಂಗಳದಲ್ಲಿ ನಿಂತಿತು. ಹಿಂದೆ ಎರಡು ಗಾರ್ಡುಗಳು ಕಪ್ಪಗೆ ಹೊಳೆಯುತ್ತಿದ್ದವು.

ಲಖನ: ನಮಸ್ಕಾರ್ರಿ ಕಾಕಾ. ಮಾಲ ತಂದೀನಿ. ಕಾರ್ ಎಲ್ಲೈತ್ರಿ?

ಮುರಗೆಪ್ಪ: ಬರಾಕತ್ತೈತಿ. ಒಂದ ಕಾರಿಗೆ ಎರಡ್ಯಾಕ ತಂದೀಪಾ? ಹಿಂದೂ ಒಂದ ಹಾಕ್ತೀಯೇನ?

ಲಖನ: ಸಣ್ಣದು ದಾನೇಶ್ವರಿ ಅಕ್ಕಾಂದ್ರಿ. ಈ ದೊಡ್ಡದು ಸುಹಾಸ ಕಾಕಾಂದು. ಚಲೋ ಆತು, ಇಲ್ಲೇ ಸಿಕ್ರಲ್ರಿ ನೀವು.

ಸುಹಾಸ ಎಳನೀರಿನ ಕಾಯನ್ನು ಮುಖಕ್ಕೆ ಅಡ್ಡ ಹಿಡಿದ. ಅದರಲ್ಲಿ ನೀರು ಮುಗಿದು ಆಗಲೇ ಬಹಳ ಹೊತ್ತಾಗಿತ್ತು.

ಮುರಗೆಪ್ಪ: ಸುಹಾಸ.

ಸುಹಾಸ: ಹೂಂ.

ಮುರಗೆಪ್ಪ: ಮೂತಿ ಮುದ್ದಿ ಆಗಬೇಕು ಅಂದಿ?

ಸುಹಾಸ: ಆಗಬೇಕು. ಅದು ಖರೇನ ಐತಿ.

ಮುರಗೆಪ್ಪ: ಮತ್ತ ಇದೇನು?

ಸುಹಾಸ: ರೋಡಿನ್ಯಾಗ ನೀ ಅದೀಯಲ್ಲೋ. ನಾ ಒಬ್ಬಾವ ಎಷ್ಟ ಸಲ ಮೆತ್ತಗಿರ್ಲಿ?

ಲಖನ: ನಿಮ್ಮ ಧಡಕಿ ಆದಾಗಿಂದ ಆರ್ಡರ್ ಹೆಚ್ಚಾಗ್ಯಾವ್ರಿ ಕಾಕಾ. ಬಂದಾವ್ರೆಲ್ಲಾ ಮುರಗೆಪ್ಪ ಕಾಕಾಂದಕ್ಕಿಂತ ಒಂದೀಟ ದಪ್ಪ ಮಾಡು ಅಂತಾರ.

ಮುರಗೆಪ್ಪ: ನನ್ನದಕ್ಕಿಂತ ದಪ್ಪ? ಹಂಗಾದ್ರ ನಂದೂ ಇನ್ನೊಂದ ಪೈಪ್ ಕೂಡಿಸು.

ಕಸ್ತೂರೆವ್ವ: ಕೂಡಿಸ್ರಿ. ಅವರೂ ಕೂಡಿಸ್ಲಿ. ಊರಾಗ ಇನ್ನ ಮೆತ್ತಗಿರೂದು ಯಾರಪಾ ಹಂಗಾದ್ರ? ಧಡಕಿ ಆದ್ರ ಗಾಡಿ ಎಲ್ಲಾ ನೆಟ್ಟಗ ಮನೀಗೆ ಬರ್ತಾವ, ಒಳಗಿದ್ದಾವ್ರು ಬೆಲ್ಟ್ ಕಟಗೊಂಡ ಬರ್ತಾರ.

ಅಷ್ಟರಲ್ಲಿ ಕಸ್ತೂರೆವ್ವಳ ಫೋನು ರಿಂಗಾಯಿತು. ದಾನೇಶ್ವರಿ. ಶೋರೂಮಿನಿಂದ ಹೊರಟಿದ್ದಾಳೆ, ಸಾವಕಾಶ ಬರುತ್ತಾಳೆ, ಆರತಿ ತಯಾರಿಡಬೇಕಂತೆ. ಅಷ್ಟು ಕೇಳಿದ್ದೇ ಮುರಗೆಪ್ಪ ಮಂಚದಿಂದ ಇಳಿದು ಪಿಕಪ್ಪಿನ ಕೀಲಿ ತೆಗೆದುಕೊಂಡ.

ಕಸ್ತೂರೆವ್ವ: ಎಲ್ಲಿಗ್ರಿ?

ಮುರಗೆಪ್ಪ: ತಿರವಿನ ತನಕ ಹೋಗಿ ಆಕಿನ್ನ ಕರಕೊಂಡ ಬರ್ತೀನಿ.

ಕಸ್ತೂರೆವ್ವ: ಆ ತಿರವ್ಯಾಗ ಆಕಿಗೆ ಎದರ ಬರೂ ಗಾಡಿ ನಿಮ್ಮದ ಆಗ್ತೈತಲ್ರಿ.

ಮುರಗೆಪ್ಪ ಕೀಲಿ ಹಿಡಿದು ನಿಂತೇ ಇದ್ದ. ಹೊಸ ಕಾರಿನಲ್ಲಿ ನಗುತ್ತ ಬರುವ ಮಗಳೂ, ಅವಳಿಗೆದುರಾಗಿ ತನ್ನದೇ ಕಬ್ಬಿಣದ ಮೂತಿಯೂ ಅವನ ಕಣ್ಣಿಗೆ ಕಟ್ಟಿದವು. ಕೀಲಿಯನ್ನು ಮೆಲ್ಲಗೆ ಮಂಚದ ಮೇಲಿಟ್ಟ.

ಕಸ್ತೂರೆವ್ವ: ಒಂದ ಮಾತ ಕೇಳ್ತೀನಿ. ತಿರವಿನ ಈ ಮಗ್ಗಲಾ ಇರೂ ಕಬ್ಬ ಯಾರದ್ರಿ?

ಮುರಗೆಪ್ಪ: ನಮ್ಮದ.

ಕಸ್ತೂರೆವ್ವ: ಆ ಮಗ್ಗಲದ್ದು?

ಸುಹಾಸ: ನಮ್ಮದ್ರಿ ವೈನಿ.

ಕಸ್ತೂರೆವ್ವ: ಡಾಂಬರಿಗೆ ತಾಗಿ ಕಬ್ಬ ಹಚ್ಚಿದಾವ್ರು ಯಾರು?

ಮುರಗೆಪ್ಪ: ಮೊದಲ ಅವ ಹಚ್ಚಿದ.

ಸುಹಾಸ: ಸುಳ್ಳ ಹೇಳಬ್ಯಾಡ. ನೀ ಎರಡ ಸಾಲ ಮುಂದ ಬಂದಿ, ಅದಕ್ಕ ನಾನೂ ಬಂದ್ಯಾ.

ಕಸ್ತೂರೆವ್ವ: ಗಾಡಿಗೆ ಕಬ್ಬಿಣ ಕಟ್ಟೂ ಬದಲಿ ಆ ಸಾಲ ಕಡದ ಹಾಕ್ರಿ. ಎದರ ಬರೂದು ಕಂಡ್ರ ಧಡಕಿ ಯಾಕ ಆಗ್ತೈತಿ?

ಮುರಗೆಪ್ಪ: ಇನ್ನೂ ಎಳೇ ಕಬ್ಬದು. ಫ್ಯಾಕ್ಟರಿಯವ್ರು ಕಡಿಯಾಕ ಹೇಳಿಲ್ಲ. ತೂಕ ಬರಂಗಿಲ್ಲ.

ಕಸ್ತೂರೆವ್ವ: ನಮ್ಮ ಎಮ್ಮಿ ತೂಕ ಕೇಳಂಗಿಲ್ಲ, ಹಂಗ ತಿಂತಾವ.

ಸುಹಾಸ: ವೈನಿ, ನಮ್ಮ ಮನ್ಯಾಗ ಎಮ್ಮಿ ಇಲ್ರಿ.

ಕಸ್ತೂರೆವ್ವ: ನಿಮ್ಮದನ್ನೂ ನಮ್ಮ ಎಮ್ಮಿನ ತಿಂತಾವ, ಕಾಳಜಿ ಮಾಡಬ್ಯಾಡ್ರಿ.

ಅವಳು ಒಳಗೆ ಹೋಗಿ ಕಬ್ಬು ಕಡಿಯುವ ಎರಡು ಕೊಯ್ತಾ ತಂದಳು. ಗೆಳೆಯರಿಬ್ಬರೂ ಅವನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

ಮುರಗೆಪ್ಪ: ಮೊದಲ ನೀ ಕಡಿ.

ಸುಹಾಸ: ನಾ ಕಡದ ಮ್ಯಾಲೆ ನೀ ಕಡೀಲಿಲ್ಲಂದ್ರ?

ಕಸ್ತೂರೆವ್ವ: ಇವರಿಗೆ ಗೋಣ ಬ್ಯಾನಿ. ಎರಡೂ ಕಡೆ ನೀವ ಕಡೀರಿ ಸುಹಾಸಣ್ಣ, ಇವರು ನಿಂತ ನೋಡ್ಲಿ.

ಮುರಗೆಪ್ಪ: ಬ್ಯಾಡ, ಬ್ಯಾಡ. ನನ್ನ ಹೊಲದಾಗ ಇವ ಒಂದ ಸಾಲ ಹೆಚ್ಚ ಕಡದಾನು. ತಾ ಇಲ್ಲಿ. ಆಕಿ ಬರೂದ್ರಾಗ ಆಗಬೇಕು.

ಸುಹಾಸ: ಗೋಣ ಬಗ್ಗಂಗಿಲ್ಲಲ್ಲೋ ನಿಂದು.

ಮುರಗೆಪ್ಪ: ಕಾರಿನ್ಯಾಗ ಕುಂತಾಕಿಗೆ ಕಾಣುವಷ್ಟ ಕಡದ್ರಾತು. ಬಗ್ಗೂದ್ಯಾಕ ಬೇಕು? ನಡಿ, ನಡಿ.

ಇಬ್ಬರೂ ಅಂಗಳ ದಾಟಿದರು. ಮುರಗೆಪ್ಪ ಬೆಲ್ಟಿನ ದೆಸೆಯಿಂದ ನೆಟ್ಟ ನೋಟದಲ್ಲಿ, ಸುಹಾಸ ಅವನ ಹಿಂದೆ ಗೊಣಗುತ್ತ. ರಸ್ತೆ ಮುಟ್ಟಿದ ಮೇಲೂ ಯಾರು ಮೊದಲು ಸಾಲು ಮುಂದೆ ತಂದರೆಂಬ ವಾದ ಕೇಳಿಸುತ್ತಲೇ ಇತ್ತು. ಲಖನ ಮಾತ್ರ ರಿಕ್ಷಾದ ಹತ್ತಿರ ತಲೆ ಕೆರೆದುಕೊಳ್ಳುತ್ತ ಉಳಿದ.

ಲಖನ: ಕಾಕು, ಈ ಗಾರ್ಡ್ ಏನ್ ಮಾಡ್ಲಿರಿ? ಮಾಪ ತಗೊಂಡ ಮಾಡಿದ ಮಾಲು, ಬ್ಯಾರೆ ಯಾರೂ ತಗೊಳ್ಳಂಗಿಲ್ಲ.

ಕಸ್ತೂರೆವ್ವ: ತಿರವಿಗೆ ಒಯ್ಯಿ. ಅವರು ಕಡದ ಮ್ಯಾಲೆ, ರೋಡ ಬಿಟ್ಟ ಒಳಗ ಸರದು, ಈ ಹೊಲದಾಗ ಒಂದು, ಆ ಹೊಲದಾಗ ಒಂದು ಗಟ್ಟಿಯಾಗಿ ನೆಟ್ಟಬಿಡು.

ಲಖನ: ರೋಡಿನ ಗಾಡಿ ಹೊಲಕ್ಕ ಬರಬಾರ್ದು ಅಂತೇನ್ರಿ?

ಕಸ್ತೂರೆವ್ವ: ಅಲ್ಲೋ ಯಪ್ಪಾ. ಬರೂ ವರ್ಷ ಇವರಿಬ್ಬರ ಹೊಲ ರೋಡಿಗೆ ಬರಬಾರ್ದು ಅಂತ.